ಎಲ್‌ಎಂ2596 ಮಾಡ್ಯೂಲ್: ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡುವವರಿಗೆ

ನಮ್ಮ ಮುಳ್ಳೇರಿಯ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ತಂತಿ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಮನೆಯಲ್ಲಿ 12 ವೋಲ್ಟಿನ ಬ್ಯಾಟರಿ ಇದ್ದರೆ ಫೋನಿನ ಚಿಂತೆ ಬೇಡ. ಆದರೆ ಫೋನಿಗೆ ಬೇಕಾದದ್ದು 5 ವೋಲ್ಟ್. ಹೆಚ್ಚಿನವರು ಇದಕ್ಕೆ 7805 ಎಂಬ, ವೋಲ್ಟೇಜನ್ನು 5ಕ್ಕೆ ಇಳಿಸುವ ಐಸಿ ಹಾಕುತ್ತಾರೆ. ಒಳ್ಳೆಯ ಐಸಿಯೇ, ಆದರೆ ಹೆಚ್ಚಾದ 7 ವೋಲ್ಟನ್ನು ಅದು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ. 1 ಆಂಪಿಯರ್ ಎಳೆದರೆ ಫೋನಿಗೆ 5 ವ್ಯಾಟ್, ಐಸಿಯ ಬಿಸಿ ಹೀರುವ ಲೋಹದ ತುಂಡಿಗೆ, ಅಂದರೆ ಹೀಟ್‌ಸಿಂಕಿಗೆ, 7 ವ್ಯಾಟ್. ಕರೆಂಟಿಲ್ಲದ ರಾತ್ರಿ ಇದು ದೊಡ್ಡ ನಷ್ಟ ಅಲ್ವಾ?

ಕಾಸರಗೋಡು ಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ತಂದ ಎಲ್‌ಎಂ2596 ಮಾಡ್ಯೂಲ್ ನನಗೆ ತುಂಬಾ ಹಿಡಿಸಿದ್ದು ಇದಕ್ಕೇ. ಇದೂ ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡು, ಆದರೆ ಇಷ್ಟು ನಷ್ಟ ಮಾಡುವುದಿಲ್ಲ. ಇದರೊಳಗಿನ ಸ್ವಿಚ್ ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಆನ್ ಆಫ್ ಆಗುತ್ತದೆ. ಆನ್ ಇದ್ದಾಗ ಕಾಯಿಲ್ ಶಕ್ತಿ ತುಂಬಿಕೊಳ್ಳುತ್ತದೆ, ಆಫ್ ಆದಾಗ ಡಯೋಡಿನ ದಾರಿಯಲ್ಲಿ ಅದನ್ನು ಫೋನಿಗೆ ಕೊಡುತ್ತದೆ. ಏರಿಳಿತವನ್ನು ಕೆಪಾಸಿಟರ್ ಸರಿಮಾಡುತ್ತದೆ. ಔಟ್‌ಪುಟ್ಟಿನ ಒಂದು ಪಾಲನ್ನು ಐಸಿ ಸದಾ 1.23 ವೋಲ್ಟಿಗೆ ಹೋಲಿಸಿ ನೋಡುತ್ತಿರುತ್ತದೆ. ಕಡಿಮೆ ಕಂಡರೆ ಸ್ವಿಚ್ಚನ್ನು ಜಾಸ್ತಿ ಹೊತ್ತು ಆನ್ ಇಡುತ್ತದೆ. ಅದೇ 5 ವ್ಯಾಟಿಗೆ ಬ್ಯಾಟರಿಯಿಂದ ಎಳೆಯುವುದು ಸುಮಾರು ಅರ್ಧ ಆಂಪಿಯರ್ ಮಾತ್ರ. ಬ್ಯಾಟರಿ ಹೆಚ್ಚುಕಮ್ಮಿ ಎರಡು ಪಾಲು ಹೊತ್ತು ಬರುತ್ತದೆ.

ತಂದ ಕೂಡಲೇ ಫೋನ್ ಸಿಕ್ಕಿಸಬೇಡಿ. ಬೋರ್ಡಿನ ನೀಲಿ ಪೆಟ್ಟಿಗೆಯ ತಲೆಯಲ್ಲಿ ಪುಟ್ಟ ಹಿತ್ತಾಳೆ ಸ್ಕ್ರೂ ಇದೆ. ಬೋರ್ಡನ್ನು ಬ್ಯಾಟರಿಗೆ ಜೋಡಿಸಿ, ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದು ಆ ಸ್ಕ್ರೂವನ್ನು ತಿರುಗಿಸಬೇಕು. ಮೊದಲ ಕೆಲವು ಸುತ್ತಿಗೆ ಮೀಟರ್ ಅಲುಗಾಡದೇ ಇರಬಹುದು. ತಾಳ್ಮೆಯಿಂದ ತಿರುಗಿಸುತ್ತಾ ಹೋಗಿ, ಆಮೇಲೆ ಇಳಿಯಲು ಶುರುವಾಗುತ್ತದೆ. 5 ಬಂದ ಮೇಲೆ ಸ್ಕ್ರೂವಿಗೆ ಒಂದು ಹನಿ ನೈಲ್ ಪಾಲಿಶ್ ಹಾಕಿದರೆ ಮತ್ತೆ ಕದಲುವುದಿಲ್ಲ. ಫೋನ್ ಸಿಕ್ಕಿಸಲು ಔಟ್‌ಪುಟ್ಟಿಗೆ ಜೋಡಿಸುವ ಯುಎಸ್‌ಬಿ ಸಾಕೆಟಿನ ನಡುವಿನ ಎರಡು ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿ ಬೆಸುಗೆ ಹಾಕಿ. ಇಲ್ಲದಿದ್ದರೆ ಎಷ್ಟೋ ಫೋನುಗಳು ನಿಧಾನಕ್ಕೆ ಚಾರ್ಜ್ ಆಗುತ್ತವೆ.

ಕೊರತೆಯೂ ಉಂಟು. ಪ್ಲಸ್ ಮೈನಸ್ ತಿರುವುಮುರುವಾದರೆ ಕಾಪಾಡುವ ವ್ಯವಸ್ಥೆ ಈ ಬೋರ್ಡಿನಲ್ಲಿಲ್ಲ. ಬ್ಯಾಟರಿ ವೈರಿಗೆ ಒಂದು ಫ್ಯೂಸ್ ಇರಲೇಬೇಕು. 3 ಆಂಪಿಯರ್ ಅಂತ ಬರೆದಿದ್ದರೂ ಹೀಟ್‌ಸಿಂಕ್ ಇಲ್ಲದೆ ಅಷ್ಟು ಎಳೆಯುವುದು ಬೇಡ. ಮೀಡಿಯಂ ವೇವ್ ರೇಡಿಯೋ ಹತ್ತಿರವಿದ್ದರೆ ಸ್ವಿಚ್ಚಿನ ಗೊರಗೊರ ಕೇಳುತ್ತದೆ. 5 ವೋಲ್ಟಿನ ಸಣ್ಣ ರೇಡಿಯೋಗೆ ನಾನು ಈಗಲೂ 7805 ಐಸಿಯನ್ನೇ ಹಾಕುವುದು. ರೇಡಿಯೋ ಎಳೆಯುವುದು ಅಷ್ಟಕ್ಕಷ್ಟೇ, ಐಸಿ ಬಿಸಿಯೂ ಆಗುವುದಿಲ್ಲ.