ಮಂಡಿ ಆಪರೇಷನ್ ಆದ ನಾಯಿಗೆ ಯಾವುದು ಸರಿ: ಕೋನೋ ಕಾಲರೋ, ಕ್ರೇಟೋ ಬೇಲಿಯೋ?

ಹಿಂಗಾಲಿನ ಮಂಡಿಯ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಹರಿದು ಆಪರೇಷನ್ ಆದ ನಾಯಿಯನ್ನು ಮನೆಗೆ ಕರೆತಂದ ದಿನವೇ ಸಾಮಾನಿನ ಪ್ರಶ್ನೆ ಶುರುವಾಗುತ್ತದೆ. ಗಾಯ ನೆಕ್ಕದಂತೆ ಏನು ಹಾಕಬೇಕು, ಎಲ್ಲಿ ಮಲಗಿಸಬೇಕು, ಹೊರಗೆ ಹೇಗೆ ಕರೆದೊಯ್ಯಬೇಕು, ನೆಲಕ್ಕೆ ಏನು ಹಾಸಬೇಕು? ಒಂದೊಂದಕ್ಕೂ ಮೂರು ನಾಲ್ಕು ಬಗೆಗಳಿವೆ. ಬಳಸಿ ನೋಡಿದ ಮೇಲೆ ನಾವು ಹೋಲಿಕೆಗೆ ಹಿಡಿಯುವ ಅಳತೆ ಒಂದೇ: ಮನೆಯವರ ಕಣ್ಣು ತಪ್ಪಿದ ಹತ್ತು ನಿಮಿಷದಲ್ಲಿ ಆ ವಸ್ತು ಕಾಲನ್ನು ಕಾಯುತ್ತದೆಯೇ? ಪಕ್ಕದಲ್ಲೇ ಕೂತು ನೋಡುತ್ತಿರುವಾಗ ಯಾವುದಾದರೂ ನಡೆಯುತ್ತದೆ.

ಯಾವ ಆಪರೇಷನ್ ಆಗಿದೆ ಎಂಬುದನ್ನು ಮೊದಲು ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಅಮೆರಿಕದ ಪಶುವೈದ್ಯ ಬಾರ್ಕ್ಲೆ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಟಿಪಿಎಲ್‌ಒ ವಿಧಾನದಲ್ಲಿ ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿಯನ್ನು ಕಮಾನಿನಾಕಾರದಲ್ಲಿ ಕತ್ತರಿಸಿ, ತಿರುಗಿಸಿ, ಅದರ ಇಳಿಜಾರನ್ನು ಸುಮಾರು 5 ಡಿಗ್ರಿಗೆ ತಂದು ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಟಿಟಿಎಯಲ್ಲಿ ಅದೇ ಮೂಳೆಯ ಮುಂಭಾಗದ ಉಬ್ಬನ್ನು ಕತ್ತರಿಸಿ ಮುಂದಕ್ಕೆ ಸರಿಸುತ್ತಾರೆ. ಲ್ಯಾಟರಲ್ ಸ್ಯೂಚರ್‌ನಲ್ಲಿ ಮೂಳೆಯನ್ನು ಕತ್ತರಿಸುವುದೇ ಇಲ್ಲ. ಕೀಲಿನ ಹೊರಬದಿಯಲ್ಲಿ ಗಟ್ಟಿ ನೈಲಾನ್ ದಾರ ಬಿಗಿಯುತ್ತಾರೆ. ಮೊದಲೆರಡರಲ್ಲಿ ಕೊಯ್ದ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 8 ವಾರವಾದರೂ ಬೇಕು, ಅಲ್ಲಿಯವರೆಗೆ ಭಾರವೆಲ್ಲ ಪ್ಲೇಟಿನ ಮೇಲೆ. ಅವಸರ ಮಾಡಿದರೆ ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ಮುಂಭಾಗದ ಉಬ್ಬು ಬಿರುಕು ಬಿಡುತ್ತದೆ. ಮೂರನೆಯದರಲ್ಲಿ ಕೀಲಿನ ಸುತ್ತ ಗಟ್ಟಿ ಅಂಗಾಂಶ ಬೆಳೆಯುವ ಮೊದಲೇ ದಾರ ಸಡಿಲಗೊಳ್ಳುವ, ತುಂಡಾಗುವ ಭಯ. ಮೂರಕ್ಕೂ ಸಾಮಾನ್ಯವಾದ ತೊಂದರೆ ಒಂದಿದೆ: ಮಂಡಿ ಒಳಗಿನಿಂದ ಗಟ್ಟಿಯಾಗುವುದಕ್ಕಿಂತ ಬಹಳ ಮೊದಲೇ ನೋವು ಇಳಿಯುತ್ತದೆ. ಮೂರನೇ ವಾರಕ್ಕೆ ನಾಯಿ ತಾನು ಪೂರ್ತಿ ಸರಿಹೋದೆ ಎಂಬಂತೆ ಕುಣಿಯಲು ಹೊರಡುತ್ತದೆ. ಮೊದಲ ವಾರಕ್ಕಿಂತ ಮೂರರಿಂದ ಆರನೇ ವಾರದವರೆಗೆ ಹೆಚ್ಚು ಹುಷಾರಾಗಿರಿ ಎಂದು ನಾವು ಹೇಳುವುದು ಇದಕ್ಕೇ.

ಕ್ರೇಟ್, ಬೇಲಿ, ಕೋಣೆ

ಕ್ರೇಟ್ ಎಂದರೆ ಬಾಗಿಲಿರುವ ಸರಳಿನ ಗೂಡು. ಅದರಲ್ಲಿ ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಗ್ಗುಲಾಗಿ ಮಲಗಬೇಕು. ಅದಕ್ಕಿಂತ ದೊಡ್ಡದು ಬೇಡ. ಬಾಗಿಲ ಬುಡದಲ್ಲಿರುವ ಅಂಚಿನ ಕಡೆ ಗಮನವಿರಲಿ: ಕಾಲನ್ನು ಇನ್ನೂ ಪೂರ್ತಿ ಎತ್ತಲಾಗದ ನಾಯಿಯ ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಗೆ ಅಂಚಿನ ಎತ್ತರಕ್ಕೆ ಸಮನಾಗಿ ಗಟ್ಟಿ ಫೋಮ್ ಹಾಕಿ, ಹೊರಗೂ ಒಂದು ಮ್ಯಾಟ್ ಮಡಿಸಿಟ್ಟರೆ ಆ ತೊಂದರೆ ತಪ್ಪುತ್ತದೆ. ಮೆತ್ತನೆಯ ದಿಂಬಿನಂಥ ಹಾಸಿಗೆ ಬೇಡ. ಏಳುವಾಗ ಪಾದ ಹೂತು ಮಂಡಿ ತಿರುಚಿಕೊಳ್ಳುತ್ತದೆ.

ಕ್ರೇಟಿನ ದೊಡ್ಡ ದೋಷವೆಂದರೆ ರೂಢಿಯಿಲ್ಲದ ನಾಯಿ. ಸರಳು ಕಚ್ಚಿ, ಕೆರೆದು, ಗಂಟೆಗಟ್ಟಲೆ ಒದ್ದಾಡಿದರೆ ಕಾಲಿಗೆ ಬೀಳುವ ಪೆಟ್ಟು ಸಣ್ಣದಲ್ಲ. ಆಪರೇಷನ್ ತಾರೀಖು ಗೊತ್ತಾದ ಕೂಡಲೇ ಊಟವನ್ನು ಕ್ರೇಟಿನೊಳಗೇ ಕೊಟ್ಟು ಅಭ್ಯಾಸ ಮಾಡಿಸಿ. ಅಷ್ಟು ಸಮಯ ಸಿಗದಿದ್ದರೆ ಟ್ರಾಜೊಡೋನ್ ಅಥವಾ ಗ್ಯಾಬಾಪೆಂಟಿನ್‌ನಂಥ ಶಾಂತಗೊಳಿಸುವ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ನಾಯಿಯನ್ನು ಶಾಂತವಾಗಿಡುವುದೂ ಚಿಕಿತ್ಸೆಯ ಭಾಗವೇ. ಗ್ಯಾಬಾಪೆಂಟಿನ್ ಮನುಷ್ಯರಿಗಾಗಿ ಮಾಡಿದ ದ್ರವವಾಗಿದ್ದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದೆಯೇ ಎಂದು ಬಾಟಲಿ ನೋಡಲೇಬೇಕು. ನಾಯಿಗೆ ಅದು ವಿಷ.

ಮಡಚುವ ಬೇಲಿ ಎಲ್ಲರಿಗೂ ಮೊದಲು ಇಷ್ಟವಾಗುತ್ತದೆ. ಜಾಗ ಹೆಚ್ಚು, ನಾಯಿಗೆ ಮನೆಯವರು ಕಾಣುತ್ತಾರೆ, ಗಲಾಟೆ ಕಡಿಮೆ. ಆದರೆ ಬೇಲಿಯ ಅಪಾಯ ಹಾರುವುದೊಂದೇ ಅಲ್ಲ. ಯಾರೋ ಬಂದರೆಂದು ನಾಯಿ ಮುಂಗಾಲೆರಡನ್ನೂ ಬೇಲಿಯ ಮೇಲಂಚಿಗೆ ಇಟ್ಟು ನಿಲ್ಲುತ್ತದೆ. ಆ ಕ್ಷಣ ಇಡೀ ಮೈಭಾರ ಹಿಂಗಾಲುಗಳ ಮೇಲೆ, ಜೊತೆಗೆ ಬಾಲ ಅಲ್ಲಾಡಿಸುತ್ತ ಸೊಂಟದ ತಿರುಚಾಟ ಬೇರೆ. ನಿಂತ ನಾಯಿಯ ಮುಂಗಾಲಿಗೆ ಎಟುಕದಷ್ಟು ಎತ್ತರವಿರಬೇಕು, ಇಲ್ಲವೇ ಮೇಲೆ ಮುಚ್ಚಳವಿರಬೇಕು. ಕಿಟಕಿಯಿಂದಲೂ ಮುಂಬಾಗಿಲಿನಿಂದಲೂ ದೂರವಿಟ್ಟು, ಪಟ್ಟಿಗಳನ್ನು ಗೋಡೆಗೆ ಬಿಗಿದು ಕಟ್ಟಿ.

ಖಾಲಿ ಕೋಣೆ ವಯಸ್ಸಾದ, ಭಾರವಾದ, ಸಮಾಧಾನದ ನಾಯಿಗೆ ಮಾತ್ರ ಒಪ್ಪುತ್ತದೆ. ಸೋಫಾ, ಮಂಚ ಎಲ್ಲ ಹೊರಗೆ ಹೋಗಬೇಕು, ನೆಲಕ್ಕೆ ಗೋಡೆಯಿಂದ ಗೋಡೆಗೆ ಹಾಸಿರಬೇಕು. ಬಾಗಿಲಿಗೆ ಮಕ್ಕಳ ಗೇಟು ಒಂದನ್ನೇ ನಂಬಬೇಡಿ. ಅದನ್ನು ದಾಟುವ ಒಂದೇ ಜಿಗಿತ ಸಾಕು.

ನಮ್ಮ ತೀರ್ಮಾನ: ರಾತ್ರಿಗೂ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೂ ಕ್ರೇಟ್, ಜನ ಅದೇ ಕೋಣೆಯಲ್ಲಿ ಕೂತಿರುವಾಗ ಬೇಲಿ.

ಗಾಯ ನೆಕ್ಕದಂತೆ

ಗಾಳಿ ತುಂಬುವ ಕಾಲರ್ ಹಾಕಿಕೊಂಡ ನಾಯಿ ಆರಾಮವಾಗಿ ಉಣ್ಣುತ್ತದೆ, ಮಲಗುತ್ತದೆ, ನೋಡಲೂ ಹಿತ. ಆದರೆ ಮಂಡಿಯ ಗಾಯಕ್ಕೆ ಅದನ್ನು ನಾವು ಒಪ್ಪುವುದಿಲ್ಲ. ಟಿಪಿಎಲ್‌ಒ, ಟಿಟಿಎ ಎರಡರಲ್ಲೂ ಹೊಲಿಗೆ ಇರುವುದು ಕಾಲಿನ ಒಳಬದಿಯಲ್ಲಿ. ನಾಯಿ ಮುದುಡಿ ಮಲಗಿ ಹಿಂಗಾಲನ್ನು ಮೇಲೆತ್ತಿದರೆ ಅದೇ ಮೂತಿಯ ಹತ್ತಿರ ಬರುತ್ತದೆ. ಉದ್ದ ಮೂತಿಯ ನಾಯಿಗೆ ಈ ಕಾಲರ್ ಅಡ್ಡಿಯೇ ಅಲ್ಲ.

ತಲೆಯ ಸುತ್ತ ಲಾಳಿಕೆಯಂತೆ ಕಟ್ಟುವ ಕೋನ್‌ಗಳಲ್ಲಿ ಬಟ್ಟೆಯದು ಗೋಡೆಗೆ ಒತ್ತಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಜಾಣ ನಾಯಿಗೆ ಆ ಉಪಾಯ ಬೇಗ ಸಿಗುತ್ತದೆ. ಪ್ಲಾಸ್ಟಿಕ್ ಕೋನ್ ನಿಜಕ್ಕೂ ಕಿರಿಕಿರಿ: ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಬಟ್ಟಲಿಗೆ ಬಾಯಿ ಎಟುಕುವುದಿಲ್ಲ, ಕುತ್ತಿಗೆಯ ಅಂಚು ಉಜ್ಜುತ್ತದೆ. ಆದರೂ ಕೆಲಸ ಮಾಡುವುದು ಅದೇ. ಅಂಚು ಮೂಗಿನ ತುದಿಯಿಂದ 5–7 ಸೆಂಟಿಮೀಟರ್ ಮುಂದೆ ಚಾಚಿರಬೇಕು, ಕುತ್ತಿಗೆಯ ಸುತ್ತ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲವಿರಬೇಕು. ಹಾಕಿದ ಮೇಲೆ ನಾಯಿಯನ್ನು ಮಲಗಿಸಿ, ಹಿಂದಕ್ಕೆ ತಿರುಗಿದಾಗ ನಾಲಿಗೆ ಹೊಲಿಗೆಗೆ ತಾಗುತ್ತದೆಯೇ ಎಂದು ಕಣ್ಣಾರೆ ನೋಡಿ. ಊಟಕ್ಕೆ ತೆಗೆದರೆ ಊಟ ಮುಗಿಯುವವರೆಗೆ ಅಲ್ಲೇ ನಿಂತು, ಮತ್ತೆ ಹಾಕಿಯೇ ಹೋಗಿ.

ಮೈಗೆ ತೊಡಿಸುವ ಸೂಟುಗಳಲ್ಲಿ ಬಹಳಷ್ಟು ತೊಡೆಗೇ ಮುಗಿಯುತ್ತವೆ, ಗಾಯ ಅದರ ಕೆಳಗೆ. ಹಿಂಗಾಲಿಗೆ ಪೂರ್ತಿ ತೋಳಿರುವ ಸೂಟು ಸಿಕ್ಕರೂ ಕೋನಿನ ಜೊತೆಗೆ ಹಾಕಿ, ಕೋನಿನ ಬದಲಿಗೆ ಬೇಡ. ಒದ್ದೆಯಾದರೆ ಆಗಲೇ ಬದಲಿಸಬೇಕು, ದಿನಕ್ಕೆ ಎರಡು ಬಾರಿಯಾದರೂ ತೆಗೆದು ಗಾಯ ನೋಡಬೇಕು. ಹೊಲಿಗೆ ಬಿಚ್ಚುವುದು 10–14 ದಿನಕ್ಕೆ. ಬಿಚ್ಚಿದ ಮೇಲೂ ಒಂದೆರಡು ದಿನ ಕೋನ್ ಇರಲಿ.

ಹೊರಗೆ ಕರೆದೊಯ್ಯಲು

ಹೊಟ್ಟೆಯ ಕೆಳಗೆ ಹಾಯಿಸಿದ ಟವೆಲ್ ಒಂದೆರಡು ದಿನಕ್ಕೆ ಸಾಕಾಗುತ್ತದೆ, ಆದರೆ ನಡೆಯುತ್ತ ನಡೆಯುತ್ತ ಸುರುಳಿಯಾಗಿ ಹಗ್ಗದಂತೆ ಒತ್ತುತ್ತದೆ. ಹಿಡಿಯಿರುವ ಅಗಲ ಸ್ಲಿಂಗ್ ಉತ್ತಮ. ಗಂಡು ನಾಯಿಗೆ ಅದು ಮೂತ್ರದ ಜಾಗವನ್ನೇ ಮುಚ್ಚುತ್ತದೆ, ಹಾಗಾಗಿ ಅಲ್ಲಿ ಸೀಳು ಬಿಟ್ಟಿರುವುದನ್ನೇ ತನ್ನಿ. ತೊಡೆಗಳ ಸುತ್ತ ಬಳೆಯಂತೆ ಬರುವ ಹಿಂಬದಿಯ ಹಾರ್ನೆಸ್ ದೊಡ್ಡ ನಾಯಿಗೆ, ಎರಡೂ ಕಾಲು ಸೋತ ನಾಯಿಗೆ ಸರಿ. ಆದರೆ ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ, ಹಾಕಿ ತೆಗೆಯುವಾಗ ಕಾಲನ್ನು ಬಗ್ಗಿಸಿ ತೂರಿಸಬೇಕಾಗುತ್ತದೆ. ಮೊದಲ ವಾರ ಅದು ಬೇಡ. ಯಾವುದೇ ಆಗಲಿ, ನಾಯಿಯನ್ನು ಎತ್ತಿ ಹಿಡಿಯಬೇಡಿ. ಕೈಯಲ್ಲಿ ಸಡಿಲವಾಗಿದ್ದು ಜಾರಿದಾಗ ಮಾತ್ರ ಬಿಗಿಯಾಗಬೇಕು. ಎತ್ತಿ ನಡೆಸಿದರೆ ಕಾಲೂರುವ ಅಭ್ಯಾಸವೇ ತಪ್ಪುತ್ತದೆ.

ಎಳೆದಷ್ಟೂ ಉದ್ದವಾಗುವ ಹಗ್ಗವನ್ನು ಈ ಕಾಲದಲ್ಲಿ ಮುಟ್ಟಲೇಬೇಡಿ. ಒಂದೂವರೆ ಮೀಟರಿನ ಸಾದಾ ಹಗ್ಗ ಸಾಕು. ಮೊದಲೆರಡು ವಾರ ಮೂತ್ರ ಮಲಕ್ಕೆಂದು ಐದು ನಿಮಿಷದ ನಡಿಗೆ, ಆಮೇಲೆ ಡಾಕ್ಟರು ಒಪ್ಪಿದರೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಹೋಗಬಹುದು. ನಿಧಾನವಾಗಿ ನಡೆಸಿ: ವೇಗ ಹೆಚ್ಚಾದರೆ ನಾಯಿ ಮೂರೇ ಕಾಲಲ್ಲಿ ಓಡುತ್ತದೆ, ನಿಧಾನವಾದರೆ ನಾಲ್ಕನೆಯದನ್ನು ಊರಲೇಬೇಕಾಗುತ್ತದೆ.

ನೆಲದ ವಿಷಯ ಚಿಕ್ಕದು. ಟೈಲ್ಸಿನ ಮೇಲೆ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್‌ಗಳನ್ನು ಸಂದು ಬಿಡದೆ ಹಾಸುವುದು ಎಲ್ಲಕ್ಕಿಂತ ಮೇಲು. ಶೂ ಹಾಕಿದರೆ ಬೆರಳು ಎಳೆಯುವ ನಾಯಿ ಎಡವುತ್ತದೆ, ಪಾದ ಬೆವತು ನೆನೆಯುತ್ತದೆ. ಪಾದದ ಮೇಣ ಬೇಗ ಸವೆಯುತ್ತದೆ. ಪಾದದ ಗದ್ದುಗೆಗಳ ನಡುವಿನ ಕೂದಲು ಕತ್ತರಿಸಿ, ಉಗುರು ಗಿಡ್ಡ ಮಾಡಿದರೆ ಇವೆರಡರ ಅರ್ಧ ಕೆಲಸ ಆಗಿಹೋಗುತ್ತದೆ.

ಐಸ್, ಶಾಖ, ಮಾತ್ರೆ

ಮೊದಲ ಮೂರು ದಿನ ಐಸ್: ತೆಳು ಬಟ್ಟೆ ಸುತ್ತಿ ಒಂದು ಸಲಕ್ಕೆ 10–15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕಲ್ಲಿನಂತೆ ಗಟ್ಟಿಯಾದ ಪ್ಯಾಕ್ ಮಂಡಿಯ ಸುತ್ತ ಕೂರುವುದಿಲ್ಲ, ಪುಡಿ ಐಸ್ ಅಥವಾ ಮೆತ್ತಗುಳಿಯುವ ಜೆಲ್ ಪ್ಯಾಕ್ ಕೂರುತ್ತದೆ. ಬಿಸಿ ಶಾಖ ಊತವೂ ಕಾವೂ ಇಳಿದ ಮೇಲಷ್ಟೇ, ಅದಕ್ಕೆ ಮೊದಲು ಕೊಟ್ಟರೆ ಊತ ಹೆಚ್ಚುತ್ತದೆ. ಕಾರ್ಪ್ರೊಫೆನ್, ಮೆಲೋಕ್ಸಿಕ್ಯಾಮ್‌ನಂಥ ನೋವಿನ ಮಾತ್ರೆ ಊಟದ ಜೊತೆಗೇ ಇರಲಿ. ಎರಡನ್ನೂ ಸೇರಿಸಬೇಡಿ, ಸ್ಟೀರಾಯ್ಡ್ ಜೊತೆ ಕೊಡಬೇಡಿ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ಮುಂದಿನ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಮನೆಯಲ್ಲಿರುವ ಐಬುಪ್ರೊಫೆನ್ ಯಾವ ಕಾರಣಕ್ಕೂ ಬೇಡ.

ಯಾವುದು ಸಹಜ, ಯಾವುದು ಅಲ್ಲ

ಎರಡನೇ ದಿನದಿಂದ ಹಿಮ್ಮಡಿಯ ಗಂಟಿನ ಬಳಿ ಮೆತ್ತನೆಯ ಊತ ಇಳಿದು ನಿಲ್ಲುವುದನ್ನು ಕಂಡು ಬಹಳ ಜನ ಗಾಬರಿಯಾಗುತ್ತಾರೆ. ಮಂಡಿಯ ನೀರು ಭಾರಕ್ಕೆ ಕೆಳಗಿಳಿದದ್ದು ಅದು. ತಣ್ಣಗಿದ್ದು, ಒತ್ತಿದರೆ ನೋವಾಗದಿದ್ದರೆ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ಮೊದಲ ಮೂರು ದಿನ ಮಲವಿಸರ್ಜನೆ ಆಗದಿರುವುದೂ ಸಹಜ: ಉಪವಾಸ ಮತ್ತು ನೋವಿನ ಔಷಧಿಯ ಪರಿಣಾಮ.

ಗಾಯದ ಸುತ್ತ ಬಿಸಿ, ದಿನೇ ದಿನೇ ಹೆಚ್ಚುವ ಕೆಂಪು, ಕೀವು ಅಥವಾ ವಾಸನೆಯ ನೀರು ಸೋಂಕಿನ ಗುರುತು. ಬ್ಯಾಕ್ಟೀರಿಯಾ ಪ್ಲೇಟಿನ ಮೇಲೆ ಪೊರೆ ಕಟ್ಟಿಕೊಂಡರೆ ಆ್ಯಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಮಾತ್ರೆ ನಿಲ್ಲಿಸಿದ ಕೂಡಲೇ ಕೀವು ಮತ್ತೆ ಬರುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ ಔಷಧಿ ಆರಿಸಿ, ಮೂಳೆ ಕೂಡಿದ ಮೇಲೆ ಪ್ಲೇಟನ್ನೇ ತೆಗೆಯಬೇಕಾಗುವುದೂ ಉಂಟು. ಕೋನಿನ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು ಇದಕ್ಕಾಗಿ.

ಕುಂಟುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಲೇ ಹೋಗಬೇಕು. ಟಿಪಿಎಲ್‌ಒ ಆದ ನಾಯಿ ಎರಡು ವಾರ ಕಳೆದರೂ ನಿಧಾನ ನಡಿಗೆಯಲ್ಲಿ ಪಾದ ಊರದಿದ್ದರೆ ತೋರಿಸಿ. ಚೆನ್ನಾಗಿ ನಡೆಯುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಕಾಲೆತ್ತಿದರೆ ಎರಡು ಅನುಮಾನ: ಪ್ಲೇಟು ಅಥವಾ ಮೂಳೆ ಕದಲಿದೆ, ಇಲ್ಲವೇ ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿಯಾದ ಮೆನಿಸ್ಕಸ್ ಹರಿದಿದೆ. ಏಳುವಾಗ ಮಂಡಿಯಿಂದ ಟಕ್ ಎಂಬ ಸದ್ದು ಕೇಳಿದರೆ ಎರಡನೆಯದರ ಸಂಶಯ ಹೆಚ್ಚು, ಇದು ತಿಂಗಳುಗಳ ನಂತರವೂ ಆಗಬಹುದು. ವಾರಕ್ಕೊಮ್ಮೆ ಅದೇ ನೆಲದ ಮೇಲೆ, ಪಕ್ಕದಿಂದಲೂ ಹಿಂದಿನಿಂದಲೂ ಅರ್ಧ ನಿಮಿಷ ವಿಡಿಯೊ ತೆಗೆದಿಡಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ನಾಯಿ ಕುಂಟುವುದನ್ನೇ ಮರೆತು ನಡೆಯುತ್ತದೆ, ಆಗ ಡಾಕ್ಟರಿಗೆ ಆ ವಿಡಿಯೊ ನಿಜ ಹೇಳುತ್ತದೆ.

ಎಂಟನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡರೂ ಹಗ್ಗ ಬಿಚ್ಚಿ ಓಡಿಸುವುದು ಆ ದಿನವೇ ಬೇಡ. ತೊಡೆಯ ಸ್ನಾಯು ಕರಗಿರುತ್ತದೆ, ಎರಡೂ ತೊಡೆಗಳಿಗೆ ಒಂದೇ ಜಾಗದಲ್ಲಿ ಟೇಪು ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಕೂತು ಏಳುವ ಕಸರತ್ತು, ಇಳಿಜಾರು ಹತ್ತುವುದು, ನೀರಿನೊಳಗಿನ ಟ್ರೆಡ್‌ಮಿಲ್ ಇವುಗಳಿಂದ ಇನ್ನೂ ನಾಲ್ಕಾರು ವಾರ ಕಟ್ಟಬೇಕು. ಒಂದು ಮಂಡಿ ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯ ಲಿಗಮೆಂಟೂ ಹರಿಯುತ್ತದೆ. ಹಾಗಾಗಿ ಕ್ರೇಟು, ಕೋನು, ಸ್ಲಿಂಗುಗಳನ್ನು ತೊಳೆದು ಒಣಗಿಸಿ ಎತ್ತಿಡಿ, ನಾಯಿಯ ತೂಕವನ್ನು ಇಳಿಸಿ, ಇಳಿದದ್ದು ಏರದಂತೆ ನೋಡಿಕೊಳ್ಳಿ.