ಆರು ವರ್ಷ ಬಳಸಿದ 15 ಲೀಟರ್ ಗೀಸರ್: ನೀರು ಅತಿಯಾಗಿ ಕಾದಾಗ ಕಂಡದ್ದು

ನಮ್ಮದು 2000 ವ್ಯಾಟ್‌ನ ಸ್ಟೋರೇಜ್ ಗೀಸರ್. ಮನೆ ಬೆಂಗಳೂರಲ್ಲಿ, ನೀರು ಬೋರ್‌ವೆಲ್‌ದು. ಮೊದಲ ನಾಲ್ಕು ವರ್ಷ ಒಂದೂ ದೂರು ಇರಲಿಲ್ಲ. ಸ್ವಿಚ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಕೆಂಪು ದೀಪ ಆರುತ್ತಿತ್ತು.

ಐದನೇ ವರ್ಷದ ಚಳಿಗಾಲದಲ್ಲಿ ದೀಪ ಆರುವುದೇ ನಿಂತಿತು. ನಲ್ಲಿ ತಿರುಗಿಸಿದರೆ ಬುಸ್ಸೆಂದು ಹಬೆ. ಅಮ್ಮ ಬೆರಳು ಸುಟ್ಟುಕೊಂಡರು. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್‌ನಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಟ್ರಿಪ್ ಆಗಿ ಗೀಸರ್ ಪೂರ್ತಿ ನಿಂತೇ ಹೋಯಿತು.

ಮೊದಲು ಬಂದ ಮೆಕ್ಯಾನಿಕ್ ಕಟ್‌ಔಟಿನ ಗುಂಡಿ ಒತ್ತಿ ಹೋದರು. ಎರಡೇ ದಿನಕ್ಕೆ ಮತ್ತೆ ಅದೇ ಕಥೆ. "ಕಟ್‌ಔಟ್ ತೆಗೆದು ಡೈರೆಕ್ಟ್ ಮಾಡ್ಬಿಡ್ತೀನಿ ಸಾರ್" ಅಂದರು. ಖಂಡಿತ ಬೇಡ ಅಂದೆ. ನೀರು ಬೇಕಾದಷ್ಟು ಕಾದೊಡನೆ ಕಾಯಿಸುವುದನ್ನು ನಿಲ್ಲಿಸುವ ಥರ್ಮೋಸ್ಟಾಟ್ ಕೈಕೊಟ್ಟಾಗ ಕರೆಂಟ್ ಕಡಿಯಲು ಇರುವುದು ಅದೊಂದೇ ಅಲ್ವಾ? ಅದೂ ಇಲ್ಲದೆ, ಸೇಫ್ಟಿ ವಾಲ್ವ್‌ನಲ್ಲೂ ಸುಣ್ಣ ಕಟ್ಟಿಕೊಂಡಿದ್ದರೆ ಟ್ಯಾಂಕ್ ಸಿಡಿಯಬಹುದು. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ.

ಎರಡನೆಯವರು ಮೀಟರ್ ಹಿಡಿದುಕೊಂಡೇ ಬಂದರು. ಮೇನ್ ಆಫ್ ಮಾಡಿಸಿ, ನೀರು ಖಾಲಿ ಮಾಡಿ, ಕೆಳಗಿನ ಪ್ಲೇಟ್ ಬಿಚ್ಚಿದರು. ಕಾಯಿಲ್ ಕಾಣಿಸಲೇ ಇಲ್ಲ, ಅಷ್ಟು ಸುಣ್ಣ! ಒಂದು ಮಗ್ ತುಂಬ ಬಿಳಿ ಚಕ್ಕೆ ಬಿತ್ತು. ಥರ್ಮೋಸ್ಟಾಟ್ ಕಡ್ಡಿ ಕೂರುವ ಕೊಳವೆಗೂ ಅದೇ ಹೊದಿಕೆ. ನೀರು ಕಾದದ್ದು ಅದಕ್ಕೆ ತಡವಾಗಿ ಗೊತ್ತಾಗುತ್ತದೆ ಅಂದರು. ಆದರೆ ದೊಡ್ಡ ದೋಷ ಬೇರೆ ಇತ್ತು. ಕಡ್ಡಿಯನ್ನು ಕುದಿಯುವ ನೀರಲ್ಲಿ ಅದ್ದಿದರೂ ಮೀಟರ್ ಬೀಪ್ ಅನ್ನುತ್ತಲೇ ಇತ್ತು. ಅಂದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡು ಕರೆಂಟ್ ಕಡಿಯುತ್ತಲೇ ಇರಲಿಲ್ಲ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಷಿಯಂ ರಾಡ್ ಕೂಡ ಸವೆದು ತಂತಿಯಷ್ಟೇ ಉಳಿದಿತ್ತು.

ಹೊಸ ಥರ್ಮೋಸ್ಟಾಟ್, ರಾಡ್, ವಾಷರ್, ಕೂಲಿ ಎಲ್ಲ ಸೇರಿ 1,650 ರೂಪಾಯಿ. ಹೊಸ ಗೀಸರ್ ಕೊಳ್ಳುವ ಯೋಚನೆ ಬಿಟ್ಟೆವು. ಟ್ಯಾಂಕ್ ಇವತ್ತಿಗೂ ಒಂದು ಹನಿ ಸೋರಿಲ್ಲ, ಅದಕ್ಕೆ ಪೂರ್ತಿ ಅಂಕ. ಬೇಜಾರು ಒಂದೇ. ಗಡಸು ನೀರಿದ್ದರೆ ವರ್ಷಕ್ಕೊಮ್ಮೆ ಸುಣ್ಣ ತೆಗೆಸಿ ಅಂತ ಕೊಳ್ಳುವಾಗ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಈಗ ಡಯಲ್ 55 ಡಿಗ್ರಿಯಲ್ಲಿದೆ. ದೀಪ ಆರದೆ ಅರ್ಧ ಗಂಟೆ ದಾಟಿದರೆ ಸ್ವಿಚ್ ತೆಗೆಯಬೇಕು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಊರಲ್ಲಿ ನೀರು ತುಂಬುವ ಹಬ್ಬಕ್ಕೆ ಅಜ್ಜಿ ಹಂಡೆ ಉಜ್ಜುತ್ತಿದ್ದರು. ನಾವು ಅದೇ ವಾರ ಗೀಸರ್ ಬಿಚ್ಚಿಸುತ್ತೇವೆ. ಈ ಸಲ ಸಿಕ್ಕ ಚಕ್ಕೆ ಒಂದು ಹಿಡಿಯಷ್ಟೇ.