ಸಂಶೋಧನಾ ಲೇಖನ ಕಾರ್ಯಾಗಾರ, ಮಂಗಳೂರು: ವಿಧಾನಕ್ಕೆ ಪೂರ್ಣ ಅಂಕ, ಚರ್ಚೆಗೆ ಅವಸರ

ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ ಹಂಪನಕಟ್ಟೆ ಕಡೆ ನಡೆಯುವ ಈ ತರಬೇತಿಯ ಬಲ ಇರುವುದು ಬರೆಯುವ ಕ್ರಮದಲ್ಲಿ. ಅಚ್ಚಾದ ಲೇಖನದಲ್ಲಿ ಭಾಗಗಳ ಕ್ರಮ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಇಲ್ಲಿ ಬರೆಸುವುದು ಮಾತ್ರ ಕೋಷ್ಟಕ, ಚಿತ್ರಗಳಿಂದ. ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ. ಸಾರಾಂಶ ಕೊನೆಗೆ. ಇದೇ ಸರಿ. ಪೀಠಿಕೆ ಮೊದಲೇ ಮುಗಿಸಿದವರು, ಫಲಿತಾಂಶ ಬೇರೆ ದಿಕ್ಕು ಹಿಡಿದಾಗ ಅದನ್ನು ತಿದ್ದುವುದನ್ನೇ ಮರೆಯುತ್ತಾರೆ.

ವಿಧಾನದ ಪಾಠ ಬಹಳ ಚೆನ್ನಾಗಿದೆ. ‘ಮಲ್ಪೆಯಿಂದ ಬೂತಾಯಿ ತಂದು ಪರೀಕ್ಷಿಸಲಾಯಿತು’ ಎಂಬ ವಾಕ್ಯ ಕೊಟ್ಟು, ಇದರಲ್ಲಿ ಏನಿಲ್ಲ ಎಂದು ಕೇಳುತ್ತಾರೆ. ಎಷ್ಟು ಮೀನು, ಯಾವ ತಿಂಗಳು, ಉದ್ದವೆಷ್ಟು, ಐಸಿನಲ್ಲಿ ಎಷ್ಟು ಹೊತ್ತು ಇತ್ತು, ಯಾವ ಉಪಕರಣ, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ? ಇನ್ನೊಬ್ಬರು ಓದಿ ಅದೇ ಪ್ರಯೋಗ ಮಾಡುವಂತಿರಬೇಕಲ್ಲ! ಫಲಿತಾಂಶದಲ್ಲಿ ‘ಆದ್ದರಿಂದ’ ಕಂಡರೆ ಕೆಂಪು ಗೀಟು; ಆ ಮಾತಿನ ಜಾಗ ಚರ್ಚೆ.

ಆ ಚರ್ಚೆಯೇ ಸೊರಗಿದೆ. ಮುಖ್ಯ ಫಲಿತಾಂಶ, ಹಿಂದಿನ ಅಧ್ಯಯನಗಳ ಜೊತೆ ಹೋಲಿಕೆ, ಕಾರಣ, ಮಿತಿ, ಇಷ್ಟನ್ನೂ ಊಟದ ನಂತರದ ತೂಕಡಿಕೆಯ ಹೊತ್ತಿಗೆ ತುರುಕಿದ್ದಾರೆ. ವಿದ್ಯಾರ್ಥಿಗಳು ಎಡವುವುದೇ ಅಲ್ಲಿ: ಪಿ ಮೌಲ್ಯ (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05 ದಾಟಿದರೆ ‘ವ್ಯತ್ಯಾಸವೇ ಇಲ್ಲ’ ಎಂದು ಬರೆದುಬಿಡುತ್ತಾರೆ. ಪುರಾವೆ ಸಾಲದು ಎಂಬುದಷ್ಟೇ ಅದರ ಅರ್ಥ.

ಉಲ್ಲೇಖಗಳಿಗೆ ಜೊಟೆರೊ ಕಲಿಸುತ್ತಾರೆ, ಉಚಿತ ತಂತ್ರಾಂಶ. ಸ್ವಂತ ದತ್ತಾಂಶವಿಲ್ಲದೆ ಹೋದರೆ ದುಡ್ಡು ದಂಡ. ಎರಡು ಕೋಷ್ಟಕವಾದರೂ ಸಿದ್ಧವಿರಲಿ.